ಆಪರೇಷನ್ ನಂತರ ಹಿರಿಯರ ಬುದ್ಧಿ ಕಲಕಿದಂತಾದರೆ: ಮನೆಯವರಿಗೊಂದು ಮಾರ್ಗದರ್ಶಿ

ಸೊಂಟದ ಮೂಳೆ ಮುರಿದು ಆಪರೇಷನ್ ಆಗಿದೆ. ಮೊದಲ ದಿನ ಚೆನ್ನಾಗಿಯೇ ಮಾತಾಡಿದ ಅಜ್ಜಿ ಎರಡನೇ ರಾತ್ರಿ ಇದ್ದಕ್ಕಿದ್ದಂತೆ ಡ್ರಿಪ್ ಕಿತ್ತುಹಾಕುತ್ತಾರೆ. ಹೊದಿಕೆಯ ಅಂಚನ್ನು ಕೆರೆಯುತ್ತಾ, "ಕೊಟ್ಟಿಗೆ ಬಾಗಿಲು ಹಾಕಿಲ್ಲ, ಬಿಡ್ರೋ ನನ್ನ" ಎಂದು ಮಂಚದಿಂದ ಇಳಿಯಲು ನೋಡುತ್ತಾರೆ. ಮಗಳ ಗುರುತು ಹತ್ತುವುದಿಲ್ಲ. ಬೆಳಗ್ಗೆ ಡಾಕ್ಟರು ರೌಂಡ್ಸಿಗೆ ಬರುವ ಹೊತ್ತಿಗೆ ಮತ್ತೆ ಸರಿಯಾಗಿಯೇ ಇರುತ್ತಾರೆ. ಮನೆಯವರು "ಅನಸ್ತೇಷಿಯಾ ತಲೆಗೇರಿತು" ಅಂದುಕೊಳ್ಳುತ್ತಾರೆ. ಪಕ್ಕದ ಬೆಡ್ಡಿನವರು "ವಯಸ್ಸಾಯ್ತಲ್ಲ, ಅರಳು ಮರಳು" ಎಂದು ಸಮಾಧಾನ ಹೇಳುತ್ತಾರೆ.

ವೈದ್ಯರು ಇದಕ್ಕೆ ಡಿಲೀರಿಯಂ ಎನ್ನುತ್ತಾರೆ, ಹಳಬರು ಸನ್ನಿ ಎನ್ನುತ್ತಿದ್ದರು. ಸಾಮಾನ್ಯವಾಗಿ ಆಪರೇಷನ್ ಆದ ಒಂದರಿಂದ ಮೂರು ದಿನಗಳೊಳಗೆ ಕಾಣಿಸಿಕೊಳ್ಳುತ್ತದೆ, ಸಂಜೆಯಾದಂತೆ ಹೆಚ್ಚಾಗುತ್ತದೆ. ಸೊಂಟ ಮುರಿದು ಆಪರೇಷನ್ ಆದ ಹಿರಿಯರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ, ಕೆಲವು ಕಡೆ ಅದಕ್ಕಿಂತಲೂ ಹೆಚ್ಚು ಮಂದಿಗೆ ಇದು ಬರುತ್ತದೆ. ಇದು ಮಿದುಳಿಗೆ ಬಂದ ತೀವ್ರ ತೊಂದರೆ. ಹಿಂದೆ ಯಾವುದೋ ಕಾರಣ ಇದ್ದೇ ಇರುತ್ತದೆ, ಬಹಳಷ್ಟು ಕಾರಣಗಳನ್ನು ಮೊದಲೇ ತಡೆಯಬಹುದು. ಹಾಗೆ ತಡೆಯುವ ಕೆಲಸದಲ್ಲಿ ಅರ್ಧಕ್ಕರ್ಧ ಆಗಬೇಕಾದ್ದು ಆಪರೇಷನ್ ಥಿಯೇಟರಿನ ಹೊರಗೆ, ಅದೂ ಮನೆಯವರ ಕೈಯಿಂದ. ಈ ಬರಹ ಇರುವುದು ಅದಕ್ಕಾಗಿ.

ಮಿದುಳಿನಲ್ಲಿ ಆಗುವುದೇನು

ಪ್ರೊಪೊಫಾಲ್, ಸೆವೊಫ್ಲುರೇನ್‌ನಂಥ ಅರಿವಳಿಕೆ ಔಷಧಿಗಳು ಮಿದುಳಿನಲ್ಲಿ ಗಾಬಾ ಎಂಬ ರಾಸಾಯನಿಕದ ತಡೆಯುವ ಶಕ್ತಿಯನ್ನು ಹೆಚ್ಚಿಸುತ್ತವೆ. ಮಿದುಳಿನ ಒಂದು ಭಾಗಕ್ಕೂ ಇನ್ನೊಂದು ಭಾಗಕ್ಕೂ ನಡುವಿನ ಮಾತುಕತೆ ನಿಂತುಹೋಗುತ್ತದೆ. ನೋಡುವವರಿಗೆ ನಿದ್ದೆಯಂತೆ ಕಂಡರೂ ಇದು ನಿದ್ದೆಯಲ್ಲ. ವಯಸ್ಸಾದಂತೆ ಸ್ವಲ್ಪ ಔಷಧಿಗೇ ಹೆಚ್ಚು ಪರಿಣಾಮ: ಉಸಿರಿನ ಮೂಲಕ ಕೊಡುವ ಅರಿವಳಿಕೆ 40 ವರ್ಷ ದಾಟಿದ ಮೇಲೆ ಪ್ರತಿ ಹತ್ತು ವರ್ಷಕ್ಕೆ ಸುಮಾರು ಶೇ. 6ರಷ್ಟು ಕಡಿಮೆ ಸಾಕಾಗುತ್ತದೆ. ಆದರೆ ಈ ಔಷಧಿಗಳ ಬಹುಪಾಲು ಕೆಲವೇ ಗಂಟೆಗಳಲ್ಲಿ ಮೈಯಿಂದ ಹೊರಬೀಳುತ್ತದೆ. ಎರಡನೇ ರಾತ್ರಿ ಶುರುವಾದ ಗೊಂದಲಕ್ಕೆ ಮೊದಲ ದಿನದ ಇಂಜೆಕ್ಷನ್ ಒಂದನ್ನೇ ಹೊಣೆ ಮಾಡಿದರೆ ನಿಜವಾದ ಕಾರಣ ತಪ್ಪಿಹೋಗುತ್ತದೆ.

ದೊಡ್ಡ ಪಾಲು ಗಾಯದ್ದು. ಮೂಳೆ, ಸ್ನಾಯು ಕತ್ತರಿಸಿದಾಗ ಮೈಯೆಲ್ಲ ಉರಿಯೂತ ಏಳುತ್ತದೆ. ಅದರ ಸಂದೇಶವಾಹಕ ಕಣಗಳು ರಕ್ತದಲ್ಲಿ ಹರಿದು, ಮಿದುಳಿಗೆ ಕಾವಲಿರುವ ರಕ್ತನಾಳದ ತಡೆಗೋಡೆಯನ್ನು ಸಡಿಲ ಮಾಡುತ್ತವೆ. ಮಿದುಳಿನ ಒಳಗಿನ ರಕ್ಷಣಾ ಕೋಶಗಳೂ ಕೆರಳುತ್ತವೆ. ಇದರ ಜೊತೆಗೆ ಗಮನ ಮತ್ತು ನೆನಪಿಗೆ ಬೇಕಾದ ಅಸಿಟೈಲ್‌ಕೋಲಿನ್ ಕಡಿಮೆಯಾಗುತ್ತದೆ, ನಿದ್ದೆ ಕೆಡುತ್ತದೆ, ನೋವು ಕಾಡುತ್ತದೆ. ಗಟ್ಟಿ ಮಿದುಳು ಇದನ್ನೆಲ್ಲ ತಡೆದುಕೊಳ್ಳುತ್ತದೆ. ಆಗಲೇ ಸ್ವಲ್ಪ ಮರೆವು ಶುರುವಾಗಿರುವ, ಹಿಂದೆ ಪಾರ್ಶ್ವವಾಯು ಆಗಿರುವ, ಕಣ್ಣು ಕಿವಿ ಮಂದವಾಗಿರುವ, ಊಟ ಸೇರದೆ ಬಡಕಲಾಗಿರುವ ಜೀವಕ್ಕೆ ಒಂದು ಮೂತ್ರದ ಸೋಂಕು ಸಾಕು.

"ಹಾಗಾದರೆ ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಮಾಡಿದರೆ ತಲೆಗೆ ತೊಂದರೆ ಇಲ್ಲವಲ್ಲ?" ಎಂದು ಬಹಳ ಮಂದಿ ಕೇಳುತ್ತಾರೆ. 2021ರಲ್ಲಿ ಅಮೆರಿಕ ಮತ್ತು ಕೆನಡಾದಲ್ಲಿ ಸೊಂಟ ಮುರಿದ 1,600 ರೋಗಿಗಳ ಮೇಲೆ ನಡೆದ ರಿಗೇನ್ ಅಧ್ಯಯನ ಇದನ್ನೇ ಪರೀಕ್ಷಿಸಿತು. ಬೆನ್ನಿನ ಅರಿವಳಿಕೆ ಪಡೆದವರಲ್ಲಿ ಡಿಲೀರಿಯಂ ಬಂದದ್ದು ಶೇ. 20.5 ಮಂದಿಗೆ, ಪೂರ್ಣ ಅರಿವಳಿಕೆ ಪಡೆದವರಲ್ಲಿ ಶೇ. 19.7 ಮಂದಿಗೆ. ಹೆಚ್ಚುಕಡಿಮೆ ಒಂದೇ. ಬೆನ್ನಿಗೆ ಕೊಟ್ಟರೂ ಜೊತೆಗೆ ನಿದ್ದೆ ಬರಿಸುವ ಔಷಧಿಯನ್ನು ಬೇಕಾದಷ್ಟು ಕೊಡುವುದುಂಟು ಎಂಬುದನ್ನೂ ನೆನಪಿಡಬೇಕು. ಹೃದಯ, ಶ್ವಾಸಕೋಶ, ರಕ್ತ ತೆಳುವಾಗಿಸುವ ಮಾತ್ರೆ ಇವನ್ನೆಲ್ಲ ನೋಡಿ ಯಾವುದು ಸೂಕ್ತ ಎಂದು ಅರಿವಳಿಕೆ ತಜ್ಞರು ತೀರ್ಮಾನಿಸಲಿ. ಆ ಚರ್ಚೆಗೆ ಸುರಿಯುವ ಶಕ್ತಿಯನ್ನು ಮನೆಯವರು ಮುಂದೆ ಹೇಳುವ ಕೆಲಸಗಳಿಗೆ ಇಟ್ಟುಕೊಂಡರೆ ರೋಗಿಗೆ ಹೆಚ್ಚು ಲಾಭ.

ಮೊದಲ ಹೆಜ್ಜೆ: ತಯಾರಿ, ಸಾಧ್ಯವಾದರೆ ಎರಡು ಮೂರು ವಾರ ಮುಂಚೆ

ಮಂಡಿ ಬದಲಾವಣೆ, ಹರ್ನಿಯಾ, ಪ್ರಾಸ್ಟೇಟ್‌ನಂಥ ದಿನ ನೋಡಿ ಮಾಡಿಸುವ ಆಪರೇಷನ್ನಿಗೆ ಸಮಯ ಸಿಗುತ್ತದೆ. ಸೊಂಟ ಮುರಿದರೆ ಸಿಗುವುದಿಲ್ಲ. ಅಲ್ಲಿ ತಡ ಮಾಡುವುದೇ ಅಪಾಯ. ನೋವಿನಲ್ಲಿ ಅಲ್ಲಾಡದೆ ಮಲಗಿದ ಪ್ರತಿ ದಿನವೂ ಡಿಲೀರಿಯಂ, ನ್ಯುಮೋನಿಯಾ, ಬೆನ್ನಹುಣ್ಣಿನ ಸಾಧ್ಯತೆಯನ್ನು ಹೆಚ್ಚಿಸುತ್ತದೆ. ಒಳ್ಳೆಯ ದಿನ ನೋಡೋಣ, ದುಬೈಯಿಂದ ಮಗ ಬರಲಿ ಎಂದು ಮುಂದೂಡದೆ, ದಾಖಲಾದ 48 ಗಂಟೆಯೊಳಗೆ ಆಪರೇಷನ್ ಆಗುವಂತೆ ನೋಡಿಕೊಳ್ಳಿ. ಕಾಯುವಷ್ಟು ಹೊತ್ತು ತೊಡೆಯ ನರಕ್ಕೆ ಮರಗಟ್ಟಿಸುವ ಇಂಜೆಕ್ಷನ್, ಅಂದರೆ ನರ್ವ್ ಬ್ಲಾಕ್, ಕೊಡಲು ಆಗುತ್ತದೆಯೇ ಎಂದು ಕೇಳಿ. ನೋವೂ ಇಳಿಯುತ್ತದೆ, ಮಂಪರು ತರುವ ಔಷಧಿಯೂ ಕಡಿಮೆ ಸಾಕಾಗುತ್ತದೆ.

ಅರಿವಳಿಕೆ ಪೂರ್ವ ತಪಾಸಣೆಗೆ ಹೋಗುವಾಗ ಮನೆಯಲ್ಲಿರುವ ಎಲ್ಲಾ ಮಾತ್ರೆಗಳನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ. ಚೀಟಿ ಸಾಲದು, ಮಾತ್ರೆಯ ಶೀಟೇ ಬೇಕು. ಮೆಡಿಕಲ್ ಶಾಪಿನಿಂದ ನೇರವಾಗಿ ತಂದ ನಿದ್ದೆ ಮಾತ್ರೆ, ನಾಟಿ ಔಷಧಿ, ಲೇಹ್ಯ, ಎಲ್ಲವೂ. ಅದರಲ್ಲಿ ಇವುಗಳನ್ನು ವಿಶೇಷವಾಗಿ ತೋರಿಸಿ:

- ಅಲ್ಪ್ರಜೋಲಾಂ, ಕ್ಲೊನಾಜೆಪಾಂ, ಲೊರಾಜೆಪಾಂ ಎಂಬ ನಿದ್ದೆ, ಆತಂಕದ ಮಾತ್ರೆಗಳು: ವರ್ಷಗಟ್ಟಲೆ ರಾತ್ರಿ ಒಂದೊಂದು ನುಂಗುವವರು ನಮ್ಮ ಹಿರಿಯರಲ್ಲಿ ಬಹಳ. ಇದ್ದರೂ ಮಿದುಳಿಗೆ ಮಂಕು, ಆಸ್ಪತ್ರೆಯಲ್ಲಿ ಥಟ್ಟನೆ ನಿಂತರೆ ಇನ್ನೂ ದೊಡ್ಡ ಅಪಾಯ. ನಿಧಾನವಾಗಿ ಇಳಿಸಬೇಕು, ಸಮಯವಿಲ್ಲದಿದ್ದರೆ ಮುಂದುವರಿಸಬೇಕು. ನೀವಾಗಿ ನಿಲ್ಲಿಸಬೇಡಿ.
- ಅಸಿಟೈಲ್‌ಕೋಲಿನ್ ತಡೆಯುವ ಔಷಧಿಗಳು: ಟ್ರೈಹೆಕ್ಸಿಫೆನಿಡಿಲ್, ಅಮಿಟ್ರಿಪ್ಟಿಲಿನ್, ಮೂತ್ರ ಹಿಡಿತಕ್ಕೆ ಕೊಡುವ ಆಕ್ಸಿಬ್ಯುಟಿನಿನ್, ನೆಗಡಿ ಮತ್ತು ತುರಿಕೆಗೆ ಕೊಡುವ ಹಳೆಯ ಕಾಲದ ಮಾತ್ರೆಗಳು. ಇವುಗಳ ಬದಲಿಗೆ ಬೇರೆ ಕೊಡಬಹುದೇ ಎಂದು ಕೇಳಿ.
- ಪಾರ್ಕಿನ್‌ಸನ್ ಕಾಯಿಲೆಯ ಲೆವೊಡೋಪ: ಇದನ್ನು ತಪ್ಪಿಸಲೇಬಾರದು. ಆಪರೇಷನ್ ದಿನ ಬೆಳಗ್ಗೆಯೂ ಗುಟುಕು ನೀರಿನಲ್ಲಿ ಕೊಡಬೇಕು. ಈ ಕಾಯಿಲೆಯವರಿಗೆ ವಾಂತಿ ನಿಲ್ಲಿಸಲು ಮೆಟೊಕ್ಲೊಪ್ರಮೈಡ್, ಗಲಾಟೆ ಇಳಿಸಲು ಹ್ಯಾಲೊಪೆರಿಡಾಲ್ ಕೊಡಬಾರದು. ಫೈಲಿನ ಮೇಲೆ ದಪ್ಪಕ್ಷರದಲ್ಲಿ ಬರೆಸಿ.
- ಸಕ್ಕರೆ ಕಾಯಿಲೆಗೆ ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್: ಸಾಮಾನ್ಯವಾಗಿ ಮೂರು ದಿನ ಮುಂಚೆ ನಿಲ್ಲಿಸಲು ಹೇಳುತ್ತಾರೆ. ಇಲ್ಲವಾದರೆ ಸಕ್ಕರೆ ಅಂಶ ಸರಿಯಿದ್ದಂತೆ ಕಂಡರೂ ರಕ್ತದಲ್ಲಿ ಆಮ್ಲ ಏರಿ ಮಂಪರು ಬರಬಹುದು.
- ಬಿಪಿ ಮಾತ್ರೆಯ ಜೊತೆ ಸೇರಿರುವ ಹೈಡ್ರೊಕ್ಲೋರೊಥಯಜೈಡ್ ಅಥವಾ ಕ್ಲೋರ್‌ಥಾಲಿಡೋನ್: ರಕ್ತದಲ್ಲಿ ಸೋಡಿಯಂ ಇಳಿಸುತ್ತವೆ. ಸೋಡಿಯಂ 135ರಿಂದ 145ರ ನಡುವೆ ಇರಬೇಕು. 130ರ ಕೆಳಗೆ ಇಳಿದರೆ ಕಾರಣ ಹುಡುಕಿ ಸರಿಪಡಿಸದೆ, ತುರ್ತಲ್ಲದ ಆಪರೇಷನ್ನಿಗೆ ಅವಸರ ಬೇಡ.

ಕುಡಿತದ ವಿಷಯ ಮುಚ್ಚಿಡಬೇಡಿ. ಮಗಳೆದುರು, ಸೊಸೆಯೆದುರು ಅಪ್ಪ "ಯಾವಾಗಲೋ ಒಮ್ಮೆ" ಎನ್ನುತ್ತಾರೆ. ದಿನಾ ಕ್ವಾರ್ಟರ್ ಕುಡಿಯುವವರಿಗೆ ಕೊನೆಯ ಗುಟುಕಿನ 6ರಿಂದ 24 ಗಂಟೆಯೊಳಗೆ ಕೈನಡುಕ, ಬೆವರು ಶುರುವಾಗುತ್ತದೆ. 48ರಿಂದ 72 ಗಂಟೆಗೆ ಜೀವಕ್ಕೇ ಕುತ್ತು ತರುವ ಡಿಲೀರಿಯಂ ಏಳಬಹುದು. ಮೊದಲೇ ಗೊತ್ತಿದ್ದರೆ ಬೇಕಾದ ಔಷಧಿ ಕೊಟ್ಟು ತಡೆಯುತ್ತಾರೆ, ಗ್ಲೂಕೋಸ್ ಏರಿಸುವ ಮುನ್ನ ಥಯಮಿನ್ (ವಿಟಮಿನ್ ಬಿ1) ಇಂಜೆಕ್ಷನ್ ಕೊಡುತ್ತಾರೆ. ಅಪ್ಪನ ಮರ್ಯಾದೆ ಮುಖ್ಯವೆನಿಸಿದರೆ ಡಾಕ್ಟರನ್ನು ಪಕ್ಕಕ್ಕೆ ಕರೆದು ಎಷ್ಟು, ಯಾವಾಗ ಎಂದು ನಿಜ ಹೇಳಿ. ಎಲೆಅಡಿಕೆ ಜೊತೆ ಹೊಗೆಸೊಪ್ಪು, ನಶ್ಯ, ಬೀಡಿ ಇದ್ದರೆ ಅದನ್ನೂ ಹೇಳಿ. ಅವು ಒಮ್ಮೆಲೇ ನಿಂತರೂ ಚಡಪಡಿಕೆ ಶುರುವಾಗುತ್ತದೆ.

ನಮ್ಮಲ್ಲಿ ಹೆಚ್ಚು ಗಮನಕ್ಕೆ ಬರದ ಇನ್ನೊಂದು ವಿಷಯ ವಿಟಮಿನ್ ಬಿ12. ತಲೆಮಾರುಗಳಿಂದ ಸಸ್ಯಾಹಾರಿಗಳಾದವರಲ್ಲಿ, ಮೆಟ್‌ಫಾರ್ಮಿನ್ ಅಥವಾ ಗ್ಯಾಸ್ಟ್ರಿಕ್ ಮಾತ್ರೆಯನ್ನು ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ ಇದರ ಕೊರತೆ ಸಾಮಾನ್ಯ. ಅರಿವಳಿಕೆಯಲ್ಲಿ ಬಳಸುವ ನೈಟ್ರಸ್ ಆಕ್ಸೈಡ್ ಅನಿಲ ಮೈಯಲ್ಲಿರುವ ಬಿ12 ಅನ್ನು ಕೆಲಸಕ್ಕೆ ಬಾರದಂತೆ ಮಾಡುತ್ತದೆ. ದಾಸ್ತಾನು ಚೆನ್ನಾಗಿದ್ದವರಿಗೆ ಏನೂ ಆಗುವುದಿಲ್ಲ. ಮೊದಲೇ ಬರಿದಾಗಿದ್ದವರಿಗೆ ಕೆಲವು ದಿನ ಅಥವಾ ವಾರಗಳ ನಂತರ ಪಾದದಲ್ಲಿ ಜೋಮು, ನಡಿಗೆಯಲ್ಲಿ ತೂರಾಟ, ಮರೆವು ಕಾಣಿಸಬಹುದು. ಆಗ ಯಾರಿಗೂ ಆಪರೇಷನ್ ನೆನಪಾಗುವುದಿಲ್ಲ. ಒಂದು ರಕ್ತಪರೀಕ್ಷೆ ಸಾಕು. ಕಡಿಮೆ ಇದ್ದರೆ ಇಂಜೆಕ್ಷನ್ ಹಾಕಿಸಿಕೊಂಡು, ಆ ಅನಿಲ ಬೇಡವೆಂದು ಅರಿವಳಿಕೆ ತಜ್ಞರಿಗೆ ತಿಳಿಸಬಹುದು. ಬೇರೆ ಅನಿಲಗಳಿವೆ, ಅದಿಲ್ಲದೆಯೂ ಕೆಲಸ ಸಾಗುತ್ತದೆ.

ಕಳೆದ ಮೂರು ತಿಂಗಳೊಳಗೆ ಪಾರ್ಶ್ವವಾಯು ಆಗಿದ್ದರೆ ತುರ್ತಲ್ಲದ ಆಪರೇಷನ್ ಮುಂದೂಡುವುದೇ ಲೇಸು.

ಕೊನೆಯದಾಗಿ, ಈಗಿನ ಬುದ್ಧಿಯ ಮಟ್ಟವನ್ನು ಬರೆದಿಡಿ. ಮೂರು ಸಂಬಂಧವಿಲ್ಲದ ಪದ ಹೇಳಿ, ಉದಾಹರಣೆಗೆ "ಬಾಳೆಹಣ್ಣು, ಬಾಗಿಲು, ಮಳೆ", ಅವರ ಬಾಯಲ್ಲಿ ಒಮ್ಮೆ ಹೇಳಿಸಿ. ಗಡಿಯಾರದ ಚಿತ್ರ ಬರೆದು ಹನ್ನೊಂದು ಗಂಟೆ ಹತ್ತು ನಿಮಿಷ ತೋರಿಸಲು ಹೇಳಿ. ಓದುಬರಹ ಬಾರದವರಿಗೆ ಗಡಿಯಾರ ಬೇಡ. ಎಲ್ಲರಿಂದಲೂ ವಾರದ ಹೆಸರುಗಳನ್ನು ಹಿಂದಿನಿಂದ ಹೇಳಿಸಿ: ಶನಿವಾರ, ಶುಕ್ರವಾರ, ಗುರುವಾರ... ಆಮೇಲೆ ಆ ಮೂರು ಪದ ಕೇಳಿ. ಎಷ್ಟು ನೆನಪಾಯಿತು, ವಾರಗಳನ್ನು ತಪ್ಪಿಲ್ಲದೆ ಹೇಳಿದರೇ ಎಂದು ತಾರೀಖಿನ ಸಮೇತ ಗುರುತು ಹಾಕಿಕೊಳ್ಳಿ. ಇದು ಕಾಯಿಲೆ ಪತ್ತೆ ಮಾಡಲು ಅಲ್ಲ. ಆಪರೇಷನ್ ಆದಮೇಲೆ "ಮೊದಲೂ ಹೀಗೇ ಇದ್ದರಾ?" ಎಂದು ಡಾಕ್ಟರು ಕೇಳುವ ಪ್ರಶ್ನೆಗೆ ಗಟ್ಟಿ ಉತ್ತರ ನಿಮ್ಮ ಬಳಿ ಇರಲಿ ಎಂದು. ಒಂದೂ ಪದ ನೆನಪಾಗದಿದ್ದರೆ, ಇತ್ತೀಚೆಗೆ ದುಡ್ಡಿನ ಲೆಕ್ಕ, ಮನೆಯ ದಾರಿ ತಪ್ಪುತ್ತಿದ್ದರೆ, ತಪಾಸಣೆಯ ಹೊತ್ತಿಗೆ ಅದನ್ನೇ ಮೊದಲು ಹೇಳಿ.

ಎರಡನೇ ಹೆಜ್ಜೆ: ಉಪವಾಸ ಮತ್ತು ಆಪರೇಷನ್ ದಿನ

"ರಾತ್ರಿ ಹತ್ತರ ಮೇಲೆ ಏನೂ ಕೊಡಬೇಡಿ" ಎನ್ನುತ್ತಾರೆ, ಆಪರೇಷನ್ ಮಧ್ಯಾಹ್ನ ಎರಡಕ್ಕೆ ಆಗುತ್ತದೆ. ಹದಿನಾರು ಗಂಟೆ ನೀರೂ ಇಲ್ಲದೆ ಒಣಗಿದ ಎಂಬತ್ತರ ದೇಹಕ್ಕೆ ಬಿಪಿ ಇಳಿಯುತ್ತದೆ, ಮಿದುಳಿಗೆ ರಕ್ತ ಸಾಲದಾಗುತ್ತದೆ. ಅಂಗೀಕೃತ ನಿಯಮ ಬೇರೆಯೇ ಇದೆ: ಹಗುರ ಊಟ ಮತ್ತು ಹಾಲು ಅರಿವಳಿಕೆಗೆ 6 ಗಂಟೆ ಮುಂಚೆ ನಿಲ್ಲಬೇಕು, ಎಣ್ಣೆ ತಿಂಡಿ 8 ಗಂಟೆ ಮುಂಚೆ. ನೀರು, ಹಾಲಿಲ್ಲದ ಕಾಫಿ, ಸೋಸಿದ ಹಣ್ಣಿನ ರಸದಂಥ ತಿಳಿ ಪಾನೀಯ 2 ಗಂಟೆ ಮುಂಚಿನವರೆಗೂ ಆಗಬಹುದು. ಮಜ್ಜಿಗೆ, ಗಂಜಿ ಈ ಪಟ್ಟಿಗೆ ಸೇರುವುದಿಲ್ಲ. ಹೊಟ್ಟೆ ನಿಧಾನವಾಗಿ ಖಾಲಿಯಾಗುವ ತೊಂದರೆ ಇರುವವರಿಗೆ, ತೂಕ ಅಥವಾ ಸಕ್ಕರೆಗೆ ಸೆಮಾಗ್ಲುಟೈಡ್ ಇಂಜೆಕ್ಷನ್ ತೆಗೆದುಕೊಳ್ಳುವವರಿಗೆ ನಿಯಮ ಬೇರೆ. ಆದ್ದರಿಂದ ಊಹೆ ಮಾಡದೆ, "ಎಷ್ಟು ಗಂಟೆಯವರೆಗೆ ನೀರು ಕೊಡಬಹುದು?" ಎಂದು ಅರಿವಳಿಕೆ ತಜ್ಞರನ್ನೇ ಕೇಳಿ. ಸಾಧ್ಯವಿದ್ದರೆ ಬೆಳಗಿನ ಮೊದಲ ಕೇಸ್ ಆಗಿ ತೆಗೆದುಕೊಳ್ಳಲು ವಿನಂತಿಸಿ.

ದಿನಕ್ಕೆ ಮೂರು ಸಲ ಫಿಲ್ಟರ್ ಕಾಫಿ ಕುಡಿಯುವವರಿಗೆ ಅದು ನಿಂತರೆ ತಲೆಸಿಡಿತ, ಮಂಕು. ಅನುಮತಿ ಸಿಕ್ಕಿದರೆ ಮುಂಜಾನೆ ಅರ್ಧ ಲೋಟ ಹಾಲಿಲ್ಲದ ಡಿಕಾಕ್ಷನ್ ಕೊಡಿ.

ಕನ್ನಡಕ, ಕಿವಿ ಮೆಷಿನ್, ಹಲ್ಲಿನ ಸೆಟ್ಟು ಇವಕ್ಕೆ ಹೆಸರು ಬರೆದ ಡಬ್ಬಿ ಮಾಡಿ. ಥಿಯೇಟರಿನ ಬಾಗಿಲವರೆಗೂ ಹಾಕಿಕೊಂಡೇ ಹೋಗಲಿ, ಅಲ್ಲಿ ತೆಗೆದು ನಿಮ್ಮ ಕೈಗೆ ಕೊಡಲಿ. ಎಚ್ಚರವಾದ ತಕ್ಷಣ ಹಿಂದಕ್ಕೆ ಹಾಕಬೇಕೆಂದು ಸಿಸ್ಟರಿಗೆ ಹೇಳಿಡಿ. ಮಂಪರಿನಿಂದ ಕಣ್ಣು ಬಿಟ್ಟವರಿಗೆ ಎದುರಿಗಿರುವ ಮುಖ ಕಾಣದೆ, ಮಾತು ಕೇಳದೆ ಹೋದರೆ ಗಾಬರಿಯಾಗದೆ ಇನ್ನೇನಾದೀತು? ಪರದೆಯ ನೆರಳನ್ನೇ ಮನುಷ್ಯ ಎಂದುಕೊಳ್ಳುತ್ತಾರೆ.

ಥಿಯೇಟರಿಗೆ ಕರೆದೊಯ್ಯುವ ಮೊದಲು ಅರಿವಳಿಕೆ ತಜ್ಞರಿಗೆ ಮೂರು ವಿನಂತಿ ಮಾಡಬಹುದು. ಮಿಡಜೋಲಾಂನಂಥ ಆತಂಕ ಇಳಿಸುವ ಇಂಜೆಕ್ಷನ್ ಅನಿವಾರ್ಯವಲ್ಲದಿದ್ದರೆ ಬಿಡಿ. ಅರಿವಳಿಕೆ ಬೇಕಾದ್ದಕ್ಕಿಂತ ಆಳಕ್ಕೆ ಹೋಗದಂತೆ ಗಮನಿಸಿ. ಬಿಪಿ ಹೆಚ್ಚು ಹೊತ್ತು ಇಳಿದಿರದಂತೆ ನೋಡಿಕೊಳ್ಳಿ. ಮಿದುಳಿನ ಅಲೆ ಅಳೆಯುವ ಬಿಸ್ ಮಾನಿಟರ್ ಕೆಲವೆಡೆ ಇರುತ್ತದೆ. ಪೂರ್ಣ ಅರಿವಳಿಕೆಯಲ್ಲಿ ಅದರ ಅಂಕಿಯನ್ನು 40ರಿಂದ 60ರ ನಡುವೆ ಇರಿಸುತ್ತಾರೆ. ಅದೊಂದರಿಂದಲೇ ಡಿಲೀರಿಯಂ ತಪ್ಪುತ್ತದೆ ಎಂಬುದು ಎಲ್ಲಾ ಅಧ್ಯಯನಗಳಲ್ಲೂ ಸಾಬೀತಾಗಿಲ್ಲ, ಹಾಗಾಗಿ ಆ ಯಂತ್ರವಿಲ್ಲದ ಆಸ್ಪತ್ರೆ ಕೆಟ್ಟದ್ದು ಎಂದುಕೊಳ್ಳಬೇಕಿಲ್ಲ.

ಮೂರನೇ ಹೆಜ್ಜೆ: ಮೊದಲ ಮೂರು ಹಗಲು, ಮೂರು ರಾತ್ರಿ

ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಶರಾನ್ ಇನೂಯೆ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಆಸ್ಪತ್ರೆ ಸೇರಿದ 70 ದಾಟಿದ ಹಿರಿಯರಿಗೆ ಹೊಸ ಔಷಧಿ ಯಾವುದನ್ನೂ ಕೊಡಲಿಲ್ಲ. ದಿನವೂ ಮಾತಾಡಿಸಿದರು, ನಡೆಸಿದರು, ನೀರು ಕುಡಿಸಿದರು, ಕನ್ನಡಕ ಹಾಕಿಸಿದರು, ರಾತ್ರಿ ನಿದ್ದೆಗೆ ಅನುವು ಮಾಡಿಕೊಟ್ಟರು. ಡಿಲೀರಿಯಂ ಶೇ. 15ರಿಂದ ಶೇ. 9.9ಕ್ಕೆ ಇಳಿಯಿತು. ಅಲ್ಲಿ ಇದಕ್ಕೆ ತರಬೇತಾದ ಸ್ವಯಂಸೇವಕರು ಬೇಕಾದರು. ನಮ್ಮ ವಾರ್ಡುಗಳಲ್ಲಿ ಪ್ರತಿ ಮಂಚದ ಪಕ್ಕದಲ್ಲೂ ಮನೆಯವರೊಬ್ಬರು ಇದ್ದೇ ಇರುತ್ತಾರೆ. ಇದು ನಮಗಿರುವ ದೊಡ್ಡ ಬಲ. ಮೊಬೈಲ್ ನೋಡುತ್ತಾ ಕೂರುವ ಬದಲು ಏನು ಮಾಡಬೇಕೆಂದು ಅವರಿಗೆ ಗೊತ್ತಿದ್ದರೆ ಸಾಕು.

ಮಾತು. ಎಚ್ಚರವಾದಾಗಲೆಲ್ಲ, ಕೇಳದಿದ್ದರೂ, ನಾಲ್ಕು ವಿಷಯ ಹೇಳಿ: ನೀವು ಯಾರು, ಇದು ಯಾವ ಜಾಗ, ಏನಾಯಿತು, ಈಗ ಹೊತ್ತೆಷ್ಟು. "ಅಮ್ಮಾ, ನಾನು ಸುಧಾ. ನೀನೀಗ ಮೈಸೂರಲ್ಲಿ ಆಸ್ಪತ್ರೇಲಿದ್ದೀಯ. ನಿನ್ನೆ ಸೊಂಟದ ಆಪರೇಷನ್ ಆಯ್ತು. ಈಗ ಬೆಳಗ್ಗೆ ಎಂಟು ಗಂಟೆ, ನಾನಿಲ್ಲೇ ಇರ್ತೀನಿ." ಮುಖ ಕಾಣುವಂತೆ ಎದುರಿಗೆ ಕೂತು, ಕೈ ಹಿಡಿದು, ಸಣ್ಣ ವಾಕ್ಯಗಳಲ್ಲಿ. ಮನೆಯಲ್ಲಿ ಆಡುವ ಭಾಷೆಯಲ್ಲೇ ಹೇಳಿ. ತುಳುವೋ, ಕೊಂಕಣಿಯೋ, ಬ್ಯಾರಿಯೋ, ಯಾವುದಿದ್ದರೆ ಅದು. ಬೆಂಗಳೂರು, ಮಂಗಳೂರಿನ ದೊಡ್ಡ ಆಸ್ಪತ್ರೆಗಳಲ್ಲಿ ಕನ್ನಡ ಅಷ್ಟಾಗಿ ಬಾರದ ಸಿಸ್ಟರುಗಳೂ ಇರುತ್ತಾರೆ. ಮುಂಬೈ, ದುಬೈಯಲ್ಲಿ ಮಕ್ಕಳ ಜೊತೆ ಇರುವ ಹಿರಿಯರಿಗಂತೂ ಕೇಳುವುದೆಲ್ಲ ಬೇರೆ ಭಾಷೆ. ಮಂಪರಿನ ಮಿದುಳಿಗೆ ಕಲಿತ ಭಾಷೆ ಮೊದಲು ಕೈಕೊಡುತ್ತದೆ. "ನೀರು ಬೇಕಾ", "ನೋವಾ", "ಒಂದಕ್ಕೆ ಬಂತಾ" ಇಂಥ ಏಳೆಂಟು ಮಾತುಗಳನ್ನು ಸಿಸ್ಟರ್ ಓದುವ ಲಿಪಿಯಲ್ಲಿ ಬರೆದು ಮಂಚದ ತಲೆಗೆ ಅಂಟಿಸಿ.

ಜನ. ಒಬ್ಬರೋ ಇಬ್ಬರೋ ಪರಿಚಿತರು ಸರದಿಯಲ್ಲಿ ಇರಲಿ. ಊರಿನವರೆಲ್ಲ ಬಂದು ಸುತ್ತ ನಿಂತು "ಗುರುತು ಸಿಕ್ತಾ, ನಾನ್ಯಾರು ಹೇಳು" ಎಂದು ಪರೀಕ್ಷೆ ಮಾಡುವುದು ಬೇಡ. ಐಸಿಯುನಲ್ಲಿದ್ದರೆ ಹಗಲು ಎರಡು ಸಲವಾದರೂ ಹತ್ತು ನಿಮಿಷ ಒಳಗೆ ಬಿಡಲು ಕೇಳಿಕೊಳ್ಳಿ.

ಹಗಲು ಹಗಲಾಗಿರಲಿ, ರಾತ್ರಿ ರಾತ್ರಿಯಾಗಿರಲಿ. ಬೆಳಗ್ಗೆ ಕಿಟಕಿಯ ಪರದೆ ಸರಿಸಿ, ಕಾಣುವಲ್ಲಿ ಗಡಿಯಾರ ಮತ್ತು ಕ್ಯಾಲೆಂಡರ್ ಇಡಿ. ಮಧ್ಯಾಹ್ನ ಅರ್ಧ ಗಂಟೆಗಿಂತ ಹೆಚ್ಚು ನಿದ್ದೆ ಬೇಡ. ರಾತ್ರಿ ಹತ್ತಕ್ಕೆ ದೀಪ ಆರಿಸಿ, ಟಿವಿ ನಿಲ್ಲಿಸಿ. ಸ್ಥಿತಿ ಸ್ಥಿರವಾಗಿದ್ದರೆ, ರಾತ್ರಿ ಎರಡು ಗಂಟೆಯ ಬಿಪಿ ನೋಡುವುದನ್ನು ಇಂಜೆಕ್ಷನ್ ಸಮಯಕ್ಕೆ ಸೇರಿಸಬಹುದೇ ಎಂದು ಕೇಳಿ. ನಿದ್ದೆ ಬರುತ್ತಿಲ್ಲವೆಂದು ಮನೆಯಿಂದ ತಂದ ಮಾತ್ರೆಯನ್ನು ಗುಟ್ಟಾಗಿ ಕೊಡಬೇಡಿ. ತುರಿಕೆ, ನಿದ್ದೆ ಎಂದು ಫೆನಿರಮೈನ್, ಅಂದರೆ ಎಲ್ಲರಿಗೂ ಗೊತ್ತಿರುವ ಅವಿಲ್, ಅಥವಾ ಪ್ರೊಮೆಥಜೀನ್ ಇಂಜೆಕ್ಷನ್ ಹಾಕಲು ಬಂದರೆ "ವಯಸ್ಸಾದವರು, ಇದು ಗೊಂದಲ ತರುತ್ತದಂತೆ, ಡಾಕ್ಟರನ್ನು ಒಮ್ಮೆ ಕೇಳಿ" ಎಂದು ಮೆಲ್ಲಗೆ ಹೇಳಿ.

ನೋವು. "ನೋವಿಲ್ಲ, ಪರವಾಗಿಲ್ಲ" ಎನ್ನುವುದು ನಮ್ಮ ಹಿರಿಯರ ಅಭ್ಯಾಸ. ಮುಖ ಕಿವುಚುವುದು, ಕಾಲು ಅಲ್ಲಾಡಿಸದಿರುವುದು, ಉಸಿರು ಬಿಗಿಹಿಡಿಯುವುದನ್ನು ನೋಡಿ. ಪ್ಯಾರಾಸಿಟಮಾಲ್ ಅನ್ನು ಕೇಳಿದಾಗ ಕೊಡುವುದಕ್ಕಿಂತ 6 ಅಥವಾ 8 ಗಂಟೆಗೊಮ್ಮೆ ತಪ್ಪದೆ ಕೊಡುವುದು ಒಳ್ಳೆಯದು. ಪ್ರಮಾಣವನ್ನು ತೂಕ ಮತ್ತು ಲಿವರ್ ನೋಡಿ ಡಾಕ್ಟರು ಹೇಳುತ್ತಾರೆ. ಟ್ರಮಡಾಲ್ ನಮ್ಮಲ್ಲಿ ಧಾರಾಳವಾಗಿ ಬಳಕೆಯಲ್ಲಿದೆ. ಹಿರಿಯರಲ್ಲಿ ಅದು ಗೊಂದಲ, ವಾಂತಿ, ಸೋಡಿಯಂ ಇಳಿತ, ಕೆಲವೊಮ್ಮೆ ಫಿಟ್ಸ್ ತರಬಲ್ಲದು. ಅದು ಶುರುವಾದ ಮೇಲೆ ಮಾತು ತಪ್ಪಿದರೆ ಡಾಕ್ಟರಿಗೆ ಆ ಎರಡನ್ನೂ ಜೋಡಿಸಿ ಹೇಳಿ.

ಹೊಟ್ಟೆ, ಮೂತ್ರ, ನಡಿಗೆ. ಕುಡಿಸಬಹುದು ಎಂದು ಡಾಕ್ಟರು ಹೇಳಿದ ಮೇಲೆ ಗಂಟೆಗೊಮ್ಮೆ ಕಾಲು ಲೋಟ ನೀರು. ಹೃದಯ, ಕಿಡ್ನಿ ತೊಂದರೆ ಇದ್ದವರಿಗೆ ಮಿತಿ ಕೇಳಿಕೊಳ್ಳಿ. ಊಟದ ಮುನ್ನ ಹಲ್ಲಿನ ಸೆಟ್ಟು ಹಾಕಿ. ಬೆನ್ನಿಗೆ ಇಂಜೆಕ್ಷನ್ ಆದವರಿಗೆ ಮೂತ್ರ ಕಟ್ಟಿಕೊಳ್ಳಬಹುದು. ಕಿಬ್ಬೊಟ್ಟೆ ಉಬ್ಬಿ ಗಟ್ಟಿಯಾಗಿದ್ದರೆ, ಚಡಪಡಿಸುತ್ತಿದ್ದರೆ ಮೊದಲು ಅದನ್ನೇ ಸಂಶಯಪಡಿ. ಹಾಕಿರುವ ಕ್ಯಾತಿಟರ್ (ಮೂತ್ರದ ನಳಿಕೆ) ಅನ್ನು ಅಗತ್ಯ ಮುಗಿದ ಕೂಡಲೇ ತೆಗೆಸಿ. ಮೂರು ದಿನ ಮಲವಿಸರ್ಜನೆ ಆಗದಿರುವುದೂ ಗೊಂದಲಕ್ಕೆ ಕಾರಣವಾಗುತ್ತದೆ. ಡಾಕ್ಟರು ಒಪ್ಪಿದ ದಿನವೇ, ಸಾಮಾನ್ಯವಾಗಿ ಮರುದಿನದಿಂದಲೇ, ಕುರ್ಚಿಯಲ್ಲಿ ಕೂರಿಸಿ ಊಟ ಮಾಡಿಸಿ, ದಿನಕ್ಕೆ ಮೂರು ಸಲ ನಾಲ್ಕು ಹೆಜ್ಜೆಯಾದರೂ ನಡೆಸಿ.

ಗುರುತಿಸುವುದು ಹೇಗೆ

ಗಲಾಟೆ ಮಾಡುವವರನ್ನು ಎಲ್ಲರೂ ನೋಡುತ್ತಾರೆ. ತಪ್ಪಿಹೋಗುವುದು ಮೌನದ ಡಿಲೀರಿಯಂ. ಕರೆದರೆ ಕಣ್ಣು ಬಿಟ್ಟು ಮತ್ತೆ ಮುಚ್ಚುತ್ತಾರೆ, ತುತ್ತು ಬಾಯಲ್ಲೇ ಇರುತ್ತದೆ, ಗೋಡೆ ನೋಡುತ್ತಾ ಮಲಗಿರುತ್ತಾರೆ. "ಪಾಪ, ಸುಸ್ತಾಗಿದೆ, ಮಲಗಲಿ" ಎಂದು ಬಿಟ್ಟುಬಿಡುತ್ತೇವೆ. ಹಿರಿಯರಲ್ಲಿ ಈ ಬಗೆಯೇ ಹೆಚ್ಚು, ಗೊತ್ತಾಗುವುದು ತಡವಾಗುವುದರಿಂದ ಅಪಾಯವೂ ಹೆಚ್ಚು.

ವೈದ್ಯರು ಬಳಸುವ ಅಳತೆಯನ್ನು ಮನೆಯವರೂ ತಿಳಿದಿರಬಹುದು. ನಾಲ್ಕು ಅಂಶ: ಒಂದು, ಬದಲಾವಣೆ ಗಂಟೆಗಳಲ್ಲೋ ಒಂದೆರಡು ದಿನದಲ್ಲೋ ಬಂದು, ಏರಿಳಿಯುತ್ತಿರಬೇಕು. ಎರಡು, ಗಮನ ನಿಲ್ಲದಿರುವುದು. ಮೂರು, ಮಾತಿಗೆ ತಲೆಬುಡವಿಲ್ಲದಿರುವುದು. ನಾಲ್ಕು, ಎಚ್ಚರದ ಮಟ್ಟ ಬದಲಾಗಿರುವುದು, ಅಂದರೆ ತೂಕಡಿಕೆ ಅಥವಾ ಅತಿ ಚುರುಕು. ಮೊದಲೆರಡು ಇದ್ದು, ಮೂರು ಅಥವಾ ನಾಲ್ಕರಲ್ಲಿ ಒಂದಾದರೂ ಇದ್ದರೆ ಡಿಲೀರಿಯಂ ಎಂದೇ ತಿಳಿಯಬೇಕು. ಗಮನ ಪರೀಕ್ಷಿಸಲು ಅದೇ ವಾರಗಳನ್ನು ಹಿಂದಿನಿಂದ ಹೇಳಿಸಿ. ಮನೆಯಲ್ಲಿ ಸರಾಗವಾಗಿ ಹೇಳಿದ್ದವರು ಈಗ "ಶನಿವಾರ, ಶುಕ್ರವಾರ..." ಎಂದು ನಿಂತು, "ಶನಿವಾರ, ಭಾನುವಾರ, ಸೋಮವಾರ" ಎಂದು ಮುಂದಕ್ಕೆ ಹೊರಟರೆ, ಅಥವಾ ನಡುವೆ ಕಿಟಕಿಯತ್ತ ತಿರುಗಿ ಬೇರೇನೋ ಶುರು ಮಾಡಿದರೆ, ಸಮಯ ಬರೆದುಕೊಂಡು ಸಿಸ್ಟರಿಗೆ ಹೇಳಿ. ಬೆಳಿಗ್ಗೆಗೊಮ್ಮೆ, ಸಂಜೆಗೊಮ್ಮೆ ಹೀಗೆ ನೋಡಿದರೆ ಸಾಕು. ರಾತ್ರಿಯ ವರ್ತನೆಯನ್ನು ಅರ್ಧ ನಿಮಿಷ ಮೊಬೈಲಿನಲ್ಲಿ ಚಿತ್ರಿಸಿ ಡಾಕ್ಟರಿಗೆ ಮಾತ್ರ ತೋರಿಸಿ. ರೌಂಡ್ಸಿನ ಹೊತ್ತಿಗೆ ಎಲ್ಲಾ ಸರಿಯಿರುವಂತೆ ಕಾಣುವ ತೊಂದರೆಗೆ ಇದೊಂದೇ ದಾರಿ. ಮನೆಯ ವಾಟ್ಸಾಪ್ ಗುಂಪಿಗೆ ಅದನ್ನು ಹಾಕಬೇಡಿ.

ಬಾಯಿ ಒಂದು ಕಡೆ ವಾಲಿದರೆ, ಒಂದು ಕೈ ಅಥವಾ ಕಾಲು ಸೋತರೆ, ಮಾತು ತೊದಲಿದರೆ ಅಥವಾ ಪದವೇ ಹೊರಡದಿದ್ದರೆ ಅದು ಪಾರ್ಶ್ವವಾಯು ಆಗಿರಬಹುದು. ಡಿಲೀರಿಯಂನಲ್ಲಿ ಮಾತು ಅಡ್ಡಾದಿಡ್ಡಿ ಹೋದರೂ ಪದಗಳು ಸಾಮಾನ್ಯವಾಗಿ ಸ್ಪಷ್ಟವಾಗಿ ಬರುತ್ತವೆ. ಕೊನೆಯ ಬಾರಿ ಸರಿಯಾಗಿದ್ದದ್ದು ಎಷ್ಟು ಗಂಟೆಗೆ ಎಂದು ಹೇಳಿ, ಆ ಕ್ಷಣವೇ ಡಾಕ್ಟರನ್ನು ಕರೆಸಿ. ಬೆಳಗಿನವರೆಗೆ ಕಾಯುವ ಮಾತೇ ಇಲ್ಲ.

ಬಂದೇ ಬಿಟ್ಟರೆ

ಡಾಕ್ಟರು ಹುಡುಕುವುದು ಕಾರಣವನ್ನು. ಆಮ್ಲಜನಕ, ಸಕ್ಕರೆ, ಸೋಡಿಯಂ, ಹಿಮೋಗ್ಲೋಬಿನ್, ಮೂತ್ರ-ಶ್ವಾಸಕೋಶ-ಗಾಯದ ಸೋಂಕು, ಕಟ್ಟಿದ ಮೂತ್ರ, ನೋವು, ಹೃದಯ, ಹೊಸದಾಗಿ ಶುರುವಾದ ಔಷಧಿ, ನಿಂತುಹೋದ ಮದ್ಯ ಅಥವಾ ನಿದ್ದೆ ಮಾತ್ರೆ. ಸಕ್ಕರೆ 70ಕ್ಕಿಂತ ಕೆಳಗಿಳಿದರೂ ಹುಚ್ಚು ಹಿಡಿದಂತೆ ಆಡಬಹುದು, ಅದನ್ನು ಕಂಡುಹಿಡಿಯಲು ಒಂದು ನಿಮಿಷ ಸಾಕು. ತಲೆಯ ಸಿಟಿ ಸ್ಕ್ಯಾನ್ ಎಲ್ಲರಿಗೂ ಬೇಕಿಲ್ಲ. ಬಿದ್ದಿದ್ದರೆ, ರಕ್ತ ತೆಳುವಾಗಿಸುವ ಮಾತ್ರೆಯಲ್ಲಿದ್ದರೆ, ಪಾರ್ಶ್ವವಾಯುವಿನ ಲಕ್ಷಣವಿದ್ದರೆ ಬೇಕು.

ಕೈಕಾಲು ಕಟ್ಟಿಹಾಕುವುದರಿಂದ ಭಯ, ಸೆಣಸಾಟ ಎರಡೂ ಹೆಚ್ಚುತ್ತವೆ. ಅದರ ಬದಲು ಮನೆಯವರೊಬ್ಬರು ಪಕ್ಕದಲ್ಲಿ ಕೂರಲಿ, ಮಂಚವನ್ನು ತಗ್ಗಿಸಿ, ಡ್ರಿಪ್ ಇರುವ ಕೈಗೆ ಬ್ಯಾಂಡೇಜ್ ಸುತ್ತಿಸಿ, ಬೇಡದ ಟ್ಯೂಬುಗಳನ್ನು ತೆಗೆಸಿ. "ಇಲ್ಲಿ ಕೊಟ್ಟಿಗೆ ಎಲ್ಲಿದೆ, ಸುಮ್ಮನಿರು" ಎಂದು ವಾದಕ್ಕಿಳಿಯಬೇಡಿ. "ಹೌದಮ್ಮಾ, ಚೆನ್ನಾಗಿದೆ" ಎಂದು ಸುಳ್ಳನ್ನು ಬೆಳೆಸಲೂ ಬೇಡಿ. "ದನಗಳ ಚಿಂತೆಯಾ? ತಮ್ಮ ನೋಡ್ಕೊಳ್ತಿದ್ದಾನೆ. ನೀನು ಆಸ್ಪತ್ರೇಲಿದ್ದೀಯ, ನಾನಿದ್ದೀನಿ" ಎಂದರೆ ಭಯವೂ ಇಳಿಯುತ್ತದೆ, ನಿಜವೂ ಸಿಗುತ್ತದೆ. ಬೈದರೆ, ಕದ್ದೆ ಎಂದು ಆಪಾದಿಸಿದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಆ ಮಾತು ಕಾಯಿಲೆಯದ್ದು.

ತನಗೋ ಇತರರಿಗೋ ಅಪಾಯ ಮಾಡಿಕೊಳ್ಳುವಷ್ಟು ಕೆರಳಿದಾಗ ಮಾತ್ರ ಹ್ಯಾಲೊಪೆರಿಡಾಲ್‌ನಂಥ ಔಷಧಿಯನ್ನು ಅತಿ ಕಡಿಮೆ ಪ್ರಮಾಣದಲ್ಲಿ, ಕೆಲವೇ ದಿನ ಕೊಡುತ್ತಾರೆ. ಅದು ಗಲಾಟೆ ಇಳಿಸುತ್ತದೆ, ಕಾರಣವನ್ನು ಸರಿಮಾಡುವುದಿಲ್ಲ. ಲೊರಾಜೆಪಾಂನಂಥವು ಮದ್ಯ ಬಿಟ್ಟ ಡಿಲೀರಿಯಂಗೆ ಸರಿ, ಬೇರೆಯವರಲ್ಲಿ ಗೊಂದಲ ಹೆಚ್ಚಿಸುತ್ತವೆ.

ಮನೆಗೆ ಬಂದ ಮೇಲೆ

ಹೆಚ್ಚಿನವರು ಕೆಲವೇ ದಿನಗಳಲ್ಲಿ ಸರಿಹೋಗುತ್ತಾರೆ, ಕೆಲವರಿಗೆ ವಾರಗಳೋ ತಿಂಗಳುಗಳೋ ಹಿಡಿಯುತ್ತವೆ. ಡಿಲೀರಿಯಂ ಬಾರದವರಲ್ಲೂ ನೆನಪು ಮಂದವಾಗುವುದುಂಟು. 60 ದಾಟಿದವರ ಮೇಲೆ ನಡೆದ, 1998ರಲ್ಲಿ ಪ್ರಕಟವಾದ ದೊಡ್ಡ ಅಂತಾರಾಷ್ಟ್ರೀಯ ಅಧ್ಯಯನದಲ್ಲಿ ಆಪರೇಷನ್ ಆದ ಒಂದು ವಾರಕ್ಕೆ ಶೇ. 25.8 ಮಂದಿಯಲ್ಲಿ, ಮೂರು ತಿಂಗಳಿಗೆ ಶೇ. 9.9 ಮಂದಿಯಲ್ಲಿ ಕುಂದು ಕಂಡಿತು. ಮೊದಲ 30 ದಿನದ ಮಂಕನ್ನು ಚೇತರಿಕೆ ತಡವಾಗುತ್ತಿದೆ ಎಂದಷ್ಟೇ ಪರಿಗಣಿಸುತ್ತಾರೆ. ಹೃದಯದ ಬೈಪಾಸ್ ಆದವರ ಮನೆಯವರು ಬಹಳ ಹೆದರುತ್ತಾರೆ. ವರ್ಷಗಳ ನಂತರ ಕಾಣುವ ಇಳಿಮುಖ, ಅದೇ ಹೃದ್ರೋಗವಿದ್ದೂ ಆಪರೇಷನ್ ಆಗದವರಲ್ಲಿಯೂ ಸುಮಾರಾಗಿ ಅಷ್ಟೇ ಇರುವುದನ್ನು ಅಧ್ಯಯನಗಳು ತೋರಿಸಿವೆ. ಅಲ್ಲಿ ದೋಷ ಹೆಚ್ಚಾಗಿ ರಕ್ತನಾಳಗಳದ್ದು. ಬಿಪಿ, ಸಕ್ಕರೆ, ಬೀಡಿ ಸಿಗರೇಟಿನ ಹಿಡಿತವೇ ಮದ್ದು.

ಅರಿವಳಿಕೆಯಾದ 24 ಗಂಟೆ ಯಾರೂ ಗಾಡಿ ಓಡಿಸಬಾರದು, ದಾಖಲೆಗಳಿಗೆ ಸಹಿ ಹಾಕಬಾರದು. ಡಿಲೀರಿಯಂ ಬಂದವರಿಗೆ ಈ ನಿಷೇಧ ಬುದ್ಧಿ ಪೂರ್ತಿ ತಿಳಿಯಾಗುವವರೆಗೆ. ಆ ಅವಧಿಯಲ್ಲಿ ಜಮೀನು, ವಿಲ್ಲು, ಬ್ಯಾಂಕಿನ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸುವುದು ಅನ್ಯಾಯ, ಮುಂದೆ ವ್ಯಾಜ್ಯಕ್ಕೂ ಮೂಲ. ಮಾತ್ರೆಯನ್ನು ಎರಡು ತಿಂಗಳಾದರೂ ನೀವೇ ಎಣಿಸಿ ಕೊಡಿ. ಆಸ್ಪತ್ರೆಯಲ್ಲಿ ಶುರುವಾದ ಹ್ಯಾಲೊಪೆರಿಡಾಲ್, ನಿದ್ದೆ ಮಾತ್ರೆಗಳನ್ನು ಯಾವ ತಾರೀಖಿಗೆ ನಿಲ್ಲಿಸಬೇಕೆಂದು ಕೇಳದೆ ಡಿಸ್ಚಾರ್ಜ್ ಆಗಬೇಡಿ. ಎಷ್ಟೋ ಮನೆಗಳಲ್ಲಿ ನಾಲ್ಕು ದಿನಕ್ಕೆ ಬರೆದದ್ದು ವರ್ಷವಾದರೂ ಮುಂದುವರಿಯುತ್ತಿರುತ್ತದೆ.

ಮೂರು ತಿಂಗಳಿಗೆ ಅದೇ ಮೂರು ಪದ, ಅದೇ ವಾರಗಳ ಪರೀಕ್ಷೆ ಮಾಡಿ ಹಳೆಯ ಗುರುತಿನೊಂದಿಗೆ ಹೋಲಿಸಿ. ಹಿಂದಿನಷ್ಟು ಆಗದಿದ್ದರೆ ನರರೋಗ ಅಥವಾ ವೃದ್ಧಾಪ್ಯ ತಜ್ಞರಿಗೆ ತೋರಿಸಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ನೆನಪಿನ ವಿವರವಾದ ಪರೀಕ್ಷೆಗೆ ವ್ಯವಸ್ಥೆ ಇದೆ. ಡಿಲೀರಿಯಂ ಬಂದವರಲ್ಲಿ ಮುಂದೆ ಮರೆವಿನ ಕಾಯಿಲೆ ಕಾಣುವ ಸಂಭವ ಹೆಚ್ಚು. ಎಷ್ಟೋ ವೇಳೆ ಆಗಲೇ ಸದ್ದಿಲ್ಲದೆ ಶುರುವಾಗಿದ್ದದ್ದನ್ನು ಆಪರೇಷನ್ ಬಯಲಿಗೆ ತಂದಿರುತ್ತದೆ.

ಡಿಸ್ಚಾರ್ಜ್ ಸಮ್ಮರಿಯಲ್ಲಿ "ಆಪರೇಷನ್ ನಂತರ ಡಿಲೀರಿಯಂ ಬಂದಿತ್ತು" ಎಂಬ ಸಾಲು ಇದೆಯೇ ನೋಡಿ. ಗಾಯ, ಹೊಲಿಗೆ, ಮಾತ್ರೆ ಎಲ್ಲ ಬರೆದು ಇದನ್ನೊಂದು ಬಿಟ್ಟಿರುತ್ತಾರೆ. ಎಷ್ಟನೇ ದಿನ ಶುರುವಾಯಿತು, ಎಷ್ಟು ದಿನ ಇತ್ತು, ಯಾವ ಕಾರಣ ಸಿಕ್ಕಿತು, ಯಾವ ಔಷಧಿ ಆಗಿಬರಲಿಲ್ಲ ಎಂಬುದನ್ನು ಸೇರಿಸಿ ಬರೆದುಕೊಡಲು ಕೇಳಿ. ಇನ್ನೊಂದು ಮಂಡಿಗೋ, ಕಣ್ಣಿನ ಪೊರೆಗೋ ಮುಂದೆ ಆಸ್ಪತ್ರೆಗೆ ಹೋದಾಗ ಆ ಕಾಗದವನ್ನು ಅರಿವಳಿಕೆ ತಜ್ಞರ ಕೈಗೆ ಮೊದಲು ಕೊಡಿ.